ಪದಚರ್ಚೆ: ಕಾರಿನ ‘ಫ್ಲೋರ್ ಪ್ಯಾನ್’ – ಅಡಿಯೋ, ತಳವೋ, ತಗಡೋ?

ನನ್ನ ಹತ್ತಿರ ಒಂದು ಹಳೆಯ ಬೀಟಲ್ ಕಾರು ಉಂಟು. ಬಟ್ಟೆಯ ಮಾಡು ಮಡಚಿ ಹಿಂದಕ್ಕೆ ಹಾಕುವ ಜಾತಿಯದ್ದು. (ಮಾಡು ಅಂದರೆ ನಮ್ಮ ಕಡೆ ಚಾವಣಿ. ‘ಕನ್ವರ್ಟಿಬಲ್’ಗೆ ‘ಮಾಡು ಮಡಚುವ ಕಾರು’ ಅಂತ ನಾನೇ ಇಟ್ಟುಕೊಂಡಿದ್ದೇನೆ. ಅದಕ್ಕೆ ಈಗ ಜಗಳ ಬೇಡ.) ಉಡುಪಿಯ ಒಂದು ಗ್ಯಾರೇಜಿನಲ್ಲಿ ಅದರ ಫ್ಲೋರ್ ಪ್ಯಾನ್, ಅಂದರೆ ಕಾರಿನೊಳಗೆ ಕಾಲಡಿಗೆ ಬರುವ ತಗಡು, ಬದಲಿಸುವ ಕೆಲಸ ನಡೆಯುತ್ತಿದೆ. ದಿನಕ್ಕೆ ನಾಲ್ಕು ಸಾಲು ಕನ್ನಡದಲ್ಲಿ ಬರೆದಿಡೋಣ ಅಂತ ಕೂತರೆ, ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದೆ. ಫ್ಲೋರ್ ಪ್ಯಾನ್‌ಗೆ ಏನೆನ್ನುವುದು?

ಕಂಪ್ಯೂಟರಿಗೆ ಕೇಳಿದರೆ ‘ನೆಲದ ಬಾಣಲೆ’ ಎಂದಿತು. ಗೋಳಿಬಜೆ ಕರಿಯಬಹುದೇನೋ.

‘ಫ್ಲೋರ್ ಅಂತಲೇ ಬರೆಯಿರಿ, ಸುಮ್ನೆ ಯಾಕೆ ತಲೆಬಿಸಿ’ ಅನ್ನುವವರಿಗೆ ನನ್ನ ಅನುಭವ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಬೇರೊಂದು ಕಡೆ ಇದೇ ಕೆಲಸಕ್ಕೆ ಕಾರು ಬಿಟ್ಟಿದ್ದೆ. ಬಿಲ್ಲಿನಲ್ಲಿ ‘ಫ್ಲೋರ್ ಚೇಂಜ್’ ಅಂತ ಚಂದ ಮಾಡಿ ಬರೆದಿದ್ದರು. ಈ ಸಲ ಮ್ಯಾಟ್ ಎತ್ತಿ ನೋಡಿದರೆ, ತುಕ್ಕು ಹಿಡಿದ ಹಳೆಯ ತಗಡಿನ ಮೇಲೇ ಹೊಸ ತಗಡು ಇಟ್ಟು, ರಿವೆಟ್ ಹೊಡೆದು, ಮೇಲಿಂದ ಡಾಂಬರು ಬಳಿದಿದ್ದಾರೆ! ಎರಡು ತಗಡುಗಳ ನಡುವೆ ನೀರು ನಿಂತು ಎರಡೂ ಹೋಗಿವೆ. ಕೇಳಲು ಹೋದರೆ ‘ಫ್ಲೋರ್ ಹೊಸತೇ ಅಲ್ವಾ, ಕಾಲಿಡುವ ಜಾಗ ಹೊಸತೇ’ ಎಂಬ ಉತ್ತರ. ಪದದ ಪ್ರಕಾರ ಅವರದ್ದು ಸುಳ್ಳೂ ಅಲ್ಲ. ಫ್ಲೋರ್ ಅಂದರೆ ಕಾಲಿಡುವ ಜಾಗ. ನಾನು ಕೇಳಿದ್ದು ಆ ಜಾಗವನ್ನಲ್ಲ, ಆ ವಸ್ತುವನ್ನು.

ವಸ್ತು ಎಂತದ್ದು ಅಂದರೆ, ಬೀಟಲ್‌ನಲ್ಲಿ ನಡುವೆ ಬೆನ್ನೆಲುಬಿನ ಹಾಗೆ ಒಂದು ಟನಲ್. ಗೇರಿನ ಸರಳು, ಕ್ಲಚ್ಚಿನ ಕೇಬಲ್ ಎಲ್ಲ ಅದರೊಳಗೆ. ಅದರ ಎಡಕ್ಕೊಂದು ಬಲಕ್ಕೊಂದು ಒತ್ತಿ ತೆಗೆದ ತಗಡು, ಗಟ್ಟಿತನಕ್ಕೆ ಅದರಲ್ಲಿ ಉಬ್ಬುಗೆರೆಗಳು. ಮೇಲಿನ ಬಾಡಿ ಇದರ ಅಂಚಿಗೆ ಬೋಲ್ಟಿನಲ್ಲಿ ಕೂತಿರುತ್ತದೆ. ಬ್ಯಾಟರಿ ಹಿಂದಿನ ಸೀಟಿನಡಿಯಲ್ಲಿ, ಬಲಬದಿಗೆ. ಆಸಿಡ್ ತುಳುಕಿ ಮೊದಲು ತೂತಾಗುವುದು ಅಲ್ಲೇ. ನಾನು ಅಲ್ಲಿ ಸ್ಕ್ರೂಡ್ರೈವರ್ ಒತ್ತಿದೆ, ಹಿಡಿಯ ತನಕ ಒಳಗೆ ಹೋಯಿತು. ಎಳೆದು ನೋಡಿದರೆ ತೂತಿನಲ್ಲಿ ಗ್ಯಾರೇಜಿನ ಬೆಕ್ಕು ಕಂಡಿತು.

ಈಗ ಪದಕ್ಕೆ ಬರುತ್ತೇನೆ. ವೆಲ್ಡಿಂಗಿನವರು ಮಲ್ಪೆಯಲ್ಲಿ ಬೋಟಿನ ಕೆಲಸ ಮಾಡಿ ಪಳಗಿದವರು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆ ಬೋಟುಗಳು ಕಡಲಿಗಿಳಿಯುವಂತಿಲ್ಲ, ರಿಪೇರಿ ಎಲ್ಲ ಆಗಲೇ. ಹಾಗಾಗಿ ನನ್ನ ಕಾರಿನ ಸರದಿ ಬಂದದ್ದು ಆಗಸ್ಟಿನಲ್ಲಿ. ಅವರು ಕಾರಿನ ಕೆಳಗೆ ತೂರಿ ಹೇಳಿದ್ದು: ‘ಅಡಿ ಪೂರ ಹೋಗಿದೆ ಮಾರಾಯ್ರೆ.’ ಅವರಿಗೆ ಬೋಟಿನದ್ದೂ ಅಡಿ, ಕಾರಿನದ್ದೂ ಅಡಿ. ನಾವೂ ‘ರಸ್ತೆಯ ಹಂಪ್‌ಗೆ ಅಡಿ ತಾಗಿತು’ ಅನ್ನುತ್ತೇವಲ್ಲ. ಆದರೆ ‘ಕಾರಿನ ಅಡಿ ನಾಯಿ ಮಲಗಿದೆ’ ಅಂದರೆ ಅದು ವಸ್ತುವಲ್ಲ, ಬರೀ ಜಾಗ. ಮೇಲಿಂದ, ಅಳತೆಯ ಅಡಿ ಬೇರೆ. ‘ಎರಡು ಅಡಿ ಕತ್ತರಿಸಿದೆವು’ ಅಂತ ಬರೆದರೆ ಓದುವವರು ಟೇಪು ಹುಡುಕುತ್ತಾರೆ.

ತಳ ಅಂದರೆ ನನ್ನ ಕಿವಿಗೆ ಒಳಗಿನಿಂದ ಕಾಣುವ ಕೆಳಭಾಗ. ಕೆರೆಯ ತಳ, ಪಾತ್ರೆಯ ತಳ. ಅನ್ನ ತಳ ಹಿಡಿಯುವುದು ಒಳಗೆ, ಮಸಿ ಹಿಡಿಯುವುದು ಹೊರಗೆ. ಈ ತಗಡಿಗೋ ಎರಡೂ ಮುಖ ಉಂಟು. ಒಳಗಿನಿಂದ ತಳ, ಹೊರಗಿನಿಂದ ಅಡಿ. ಅದಕ್ಕೆ ‘ತಳತಗಡು’ ಅಂತ ಬರೆಯೋಣವೇ? ಹೇಳುವಾಗ ನಾಲಿಗೆ ಸ್ವಲ್ಪ ತಡವರಿಸುತ್ತದೆ, ಆದರೆ ವಸ್ತು ಯಾವುದೆಂದು ಗೊತ್ತಾಗುತ್ತದೆ. ಅಮ್ಮ ತಗಡನ್ನು ನೋಡಿ ‘ಹರಿವಾಣದ ಹಾಗೆ ಉಂಟಲ್ಲ’ ಅಂದರು. ಅಂಚು ಎತ್ತಿದ ದೊಡ್ಡ ತಟ್ಟೆ, ಹೋಲಿಕೆ ಸರಿಯೇ. ಆದರೆ ‘ಕಾರಿನ ಹರಿವಾಣ’ ಅಂದರೆ ಊಟಕ್ಕೆ ಕೂತ ಹಾಗಾಗುತ್ತದೆ.

ಕ್ರಿಯಾಪದಗಳ ವಿಷಯದಲ್ಲಿ ಗ್ಯಾರೇಜಿನವರೇ ನನಗೆ ಗುರುಗಳು. ತುಕ್ಕು ‘ಹಿಡಿದ’ ತಗಡು ಬೇರೆ, ತುಕ್ಕು ‘ತಿಂದ’ ತಗಡು ಬೇರೆ. ಹಿಡಿದದ್ದನ್ನು ಉಜ್ಜಿ ಬಣ್ಣ ಹೊಡೆಯಬಹುದು, ತಿಂದದ್ದನ್ನು ಕತ್ತರಿಸಲೇಬೇಕು. ತುಂಡು ಹಚ್ಚಿದರೆ ತೇಪೆ. ಇಡೀ ತಗಡು ಬಂದರೆ ‘ಹೊಸತು ಕೂರಿಸಿದ್ದು’. ಅದು ಎಲ್ಲ ಕಡೆ ಸರಿಯಾಗಿ ತಾಗಿದರೆ ‘ಕೂತಿತು’.

ಇನ್ನೊಂದು ಪದಕ್ಕೂ ನಿಮ್ಮ ಸಹಾಯ ಬೇಕು. ಗಟ್ಟಿ ಮಾಡು ಇರುವ ಕಾರಿನಲ್ಲಿ ಬಲದ ಒಂದು ಪಾಲು ಮಾಡಿನದ್ದು. ಇದರಲ್ಲಿ ಅದಿಲ್ಲ, ಕೆಳಗಿನದ್ದೇ ಎಲ್ಲ ಹೊರಬೇಕು. ಹಾಗಾಗಿ ಹಳೆಯದನ್ನು ಕತ್ತರಿಸುವ ಮೊದಲು ಬಾಗಿಲಿನ ಬಾಯಿಗೆ ಅಡ್ಡಲಾಗಿ ಕಬ್ಬಿಣದ ಪೈಪು ಬೆಸೆದರು. ಇಲ್ಲದಿದ್ದರೆ ಬಾಡಿ ನಡುವಿನಲ್ಲಿ ಕುಗ್ಗಿ, ಆಮೇಲೆ ಬಾಗಿಲು ಹಾಕಿದರೆ ಸಂದು ಮೇಲೊಂದು ಥರ, ಕೆಳಗೊಂದು ಥರ. ಆ ಪೈಪಿಗೆ ಅವರು ‘ರೀಪು’ ಅನ್ನುತ್ತಾರೆ, ಹೆಂಚಿನ ಮಾಡಿನ ರೀಪೇ. ನನಗೆ ಇಷ್ಟವಾಯಿತು. ಆದರೆ ರೀಪು ಕೆಲಸ ಮುಗಿದ ಮೇಲೂ ಅಲ್ಲೇ ಇರುತ್ತದೆ, ಇದನ್ನು ಕೊನೆಗೆ ಕತ್ತರಿಸಿ ಬಿಸಾಡುತ್ತಾರೆ. ತಾತ್ಕಾಲಿಕ ಆಸರೆಗೆ ನಿಮ್ಮ ಊರಿನ ಬಡಗಿಗಳು, ಗಾರೆಯವರು ಏನೆನ್ನುತ್ತಾರೆ?

ಲಾರಿ, ಬಸ್ಸಿನ ಬಾಡಿ ಕಟ್ಟುವವರ ಪರಿಚಯ ಇದ್ದವರು ಈ ತಗಡಿನ ಹೆಸರು ಕೇಳಿ ತಿಳಿಸಿದರೆ ಇನ್ನೂ ಒಳ್ಳೆಯದು. ಶನಿವಾರ ಬಲಬದಿಯದ್ದನ್ನು ಕೂರಿಸುತ್ತಾರೆ. ಈ ಸಲ ಬಿಲ್ಲಿನಲ್ಲಿ ಏನು ಬರೆಯಬೇಕೆಂದು ನಾನೇ ಹೇಳಿ ಬರೆಸುವವನು.