‘ಜಾಕ್ ಸ್ಟಾಂಡ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

‘ಜಾಕ್ ಸ್ಟಾಂಡ್’ ಅಂದರೆ ಜಾಕ್ ಎತ್ತಿದ ಗಾಡಿಯನ್ನು ಹೊತ್ತು ನಿಲ್ಲುವ, ಜಾಕಿನಿಂದ ಬೇರೆಯೇ ಆದ ಕಬ್ಬಿಣದ ಸ್ಟಾಂಡ್. ಈ ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕು. ಪದ ಚಿಕ್ಕದೇ. ಆದರೆ ಓದುವವರು ಅದನ್ನು ತಪ್ಪಾಗಿ ತಿಳಿದುಕೊಂಡರೆ ಎರಡು ಟನ್ ತೂಕದ ಗಾಡಿಯ ಕೆಳಗೆ ಸಿಕ್ಕಿಕೊಳ್ಳುತ್ತಾರೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಎಸ್‌ಯುವಿಯ ಆಯಿಲ್ ಬದಲಾಯಿಸುವುದು, ಬ್ರೇಕ್ ಪ್ಯಾಡ್ ನೋಡುವುದು, ಇಂಥ ಕೆಲಸಗಳನ್ನು ಮನೆಯಲ್ಲೇ ಮಾಡಿಕೊಳ್ಳುವವರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಅದರಲ್ಲಿ ‘ಗಾಡಿಯನ್ನು ಎತ್ತಿ, ಜಾಕ್ ಸ್ಟಾಂಡ್ ಮೇಲೆ ನಿಲ್ಲಿಸಿ, ಆಮೇಲೆ ಕೆಳಗೆ ಹೋಗಿ’ ಎಂದು ಬರೆದಿದ್ದೆ. ಅಕ್ಕನ ಮಗನಿಗೆ ಓದಲು ಕೊಟ್ಟೆ. ಓದಿದ. ಟ್ರಾಲಿ ಜಾಕ್ (ಗಾಲಿಗಳ ಮೇಲೆ ಉರುಳುವ ಹೈಡ್ರಾಲಿಕ್ ಜಾಕ್) ಕೊಟ್ಟು ಗಾಡಿಯ ಮುಂದಿನ ಭಾಗ ಎತ್ತಿದ. ಚಾಪೆ ಹಾಸಿ, ಮಲಗಿ, ಒಳಗೆ ಸರಿಯಲು ಹೊರಟೇಬಿಟ್ಟ. ಕೈ ಹಿಡಿದು ತಡೆದೆ. ‘ಜಾಕ್ ಗಟ್ಟಿಯಾಗಿ ನಿಂತಿದೆಯಲ್ಲ ಮಾಮ, ಇದೇ ತಾನೇ ಜಾಕ್ ಸ್ಟಾಂಡ್?’ ಅಂದ.

ಅವನದು ತಪ್ಪಲ್ಲ. ನನ್ನ ವಾಕ್ಯ ಹಾಗೇ ಕೇಳಿಸುತ್ತದೆ. ‘ಬೈಕ್ ಸ್ಟಾಂಡ್’ ಅಂದರೆ ಬೈಕಿಗೇ ಸೇರಿದ್ದು. ಹಾಗೆಯೇ ‘ಜಾಕ್ ಸ್ಟಾಂಡ್’ ಅಂದರೆ ಜಾಕಿಗೇ ಸೇರಿದ್ದು, ಅದರ ಕಾಲೋ ಬುಡವೋ ಇರಬೇಕು ಅಂತ ಅವನು ತಿಳಿದ. ಬೇರೆಯದೇ ಆದ ಒಂದು ಸಾಮಾನು ತರಬೇಕು ಅನ್ನುವುದು ಆ ಹೆಸರಿನಲ್ಲಿ ಕಾಣುವುದೇ ಇಲ್ಲ.

ಅವನಿಗೆ ತೋರಿಸಲೆಂದು ಆ ಜಾಕನ್ನು ಹಾಗೇ ಬಿಟ್ಟೆವು. ಬಾಗಿಲ ಕೆಳಗಿನ ಅಂಚು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಒಂದು ಕೋಲಿನ ಮೇಲೆ ಗುರುತು ಹಾಕಿದೆವು. ಅರ್ಧ ಗಂಟೆ ಬಿಟ್ಟು ಕೋಲು ಹಿಡಿದರೆ ಅಂಚು ಗುರುತಿಗಿಂತ ಒಂದು ಬೆರಳು ಕೆಳಗಿತ್ತು. ಯಾರೂ ಮುಟ್ಟಿರಲಿಲ್ಲ. ಹೈಡ್ರಾಲಿಕ್ ಜಾಕ್ ಭಾರವನ್ನು ಎಣ್ಣೆಯ ಒತ್ತಡದ ಮೇಲೆ ಹಿಡಿದಿರುತ್ತದೆ. ಒಳಗಿನ ಸೀಲ್ ಸವೆದಿದ್ದರೆ ಎಣ್ಣೆ ನಿಧಾನವಾಗಿ ನುಸುಳುತ್ತದೆ, ಗಾಡಿ ಸದ್ದಿಲ್ಲದೆ ಇಳಿಯುತ್ತದೆ. ಸೀಲ್ ಒಮ್ಮೆಲೇ ಹರಿದರೆ ಗಾಡಿಯೂ ಒಮ್ಮೆಲೇ ಕೆಳಗೆ. ಸ್ಟಾಂಡಿನಲ್ಲಿ ಎಣ್ಣೆ ಇಲ್ಲ. ಕಬ್ಬಿಣದ ಹಲ್ಲಿಗೆ ಕಬ್ಬಿಣದ ನಾಲಿಗೆ ಕಚ್ಚಿಕೊಂಡಿರುತ್ತದೆ, ಇಲ್ಲವೇ ತೂತಿನಲ್ಲಿ ದಪ್ಪ ಪಿನ್ ಕೂತಿರುತ್ತದೆ. ಎತ್ತುವುದು ಒಂದು, ಹೊರುವುದು ಇನ್ನೊಂದು. ಹೆಸರಲ್ಲೂ ಈ ವ್ಯತ್ಯಾಸ ಎದ್ದು ಕಾಣಬೇಕು ಅನ್ನುವುದೇ ನನ್ನ ಮಾತು.

ಇಂಗ್ಲಿಷ್ ಪದ ಬೇಡ ಅನ್ನುವ ಹಟ ನನಗಿಲ್ಲ. ‘ಜಾಕ್’ ಅನ್ನುವುದು ಅಲ್ಲಿ ಮೊದಲು ಒಂದು ಸಾಮಾನ್ಯ ಹೆಸರು. ಕೆಲಸದ ಹುಡುಗರನ್ನೆಲ್ಲ ಹಾಗೆ ಕರೆಯುತ್ತಿದ್ದರು. ಆಮೇಲೆ ಹುಡುಗನ ಬದಲು ಕೆಲಸ ಮಾಡುವ ಸಲಕರಣೆಗೂ ಅದೇ ಹೆಸರಾಯಿತು. ಸ್ಟೆಪ್ನಿ ನೋಡಿ. 1904ರ ಸುಮಾರಿಗೆ ವೇಲ್ಸ್‌ನಲ್ಲಿ ಹುಟ್ಟಿದ ಒಂದು ಬಿಡಿ ಚಕ್ರದ ಹೆಸರು ಅದು, ಅಲ್ಲಿನ ಒಂದು ಬೀದಿಯ ಹೆಸರಿನಿಂದ ಬಂದದ್ದು. ಇವತ್ತು ಅದು ನಮ್ಮ ಮಾತೇ. ಜಾಕ್ ಕೂಡ ಹಾಗೇ ಇರಲಿ. ಎರಡನೆಯ ಸಾಮಾನಿಗೆ ಮಾತ್ರ ‘ಜಾಕ್’ ಅನ್ನುವ ಸದ್ದೇ ಇಲ್ಲದ ಹೆಸರು ಬೇಕು.

‘ಆಸರೆ’ ಅರ್ಥಕ್ಕೆ ಹೊಂದುತ್ತದೆ. ಆದರೆ ಅದು ತುಂಬ ಅಗಲವಾದ ಪದ. ‘ಆಸರೆ ಕೊಡಿ’ ಅಂದರೆ ಓದುವವರು ಇಟ್ಟಿಗೆಯನ್ನೋ ಟೊಳ್ಳು ಬ್ಲಾಕನ್ನೋ ಇಟ್ಟುಬಿಡಬಹುದು. ಅಂಥವು ಸಣ್ಣ ಜಾಗದಲ್ಲಿ ಭಾರ ಬಿದ್ದರೆ ಮುನ್ಸೂಚನೆ ಇಲ್ಲದೆ ಒಡೆಯುತ್ತವೆ. ‘ಕುದುರೆ’ ಚೆನ್ನಾಗಿದೆ. ವೀಣೆಯಲ್ಲಿ ತಂತಿಗಳನ್ನು ಹೊತ್ತು ನಿಂತದ್ದು ಕುದುರೆಯೇ ಅಲ್ವಾ? ಆದರೆ ‘ಗಾಡಿಯನ್ನು ಕುದುರೆಯ ಮೇಲೆ ಕೂರಿಸಿ’ ಅಂದರೆ ಮೊದಲ ಸಲ ಓದುವವರು ಗಲಿಬಿಲಿಯಾಗುತ್ತಾರೆ. ನನಗೆ ಜಾಸ್ತಿ ಹಿಡಿಸಿದ್ದು ‘ಕವೆ’. ಬಾಗಿದ ಗಿಡಕ್ಕೆ ಕೊಡುವ ಕವೆಗೋಲಿನ ತುದಿ ಕವಲೊಡೆದಿರುತ್ತದೆ, ಕೊಂಬೆ ಜಾರದಂತೆ ಅದರಲ್ಲಿ ಕೂರುತ್ತದೆ. ಸ್ಟಾಂಡಿನ ತಲೆಯೂ ಹಾಗೇ ನಡುವೆ ತಗ್ಗಾಗಿ, ಎರಡು ಕಡೆ ಮೇಲೆದ್ದಿರುತ್ತದೆ. ಚಾಸಿಯ, ಅಂದರೆ ಗಾಡಿಯ ಅಡಿಯ ಚೌಕಟ್ಟಿನ, ಕಬ್ಬಿಣ ಜಾರದಿರಲಿ ಎಂದೇ ಆ ಆಕಾರ. ‘ಉಕ್ಕಿನ ಕವೆ’, ‘ಜೋಡಿ ಕವೆ’ ಅಂದರೆ ಹೇಗೆ? ಅವನ್ನು ಜೋಡಿಯಾಗಿಯೇ ಬಳಸುವುದು ರೂಢಿ.

ಕ್ರಿಯಾಪದಗಳಲ್ಲೂ ಒಂದು ತೊಡಕಿದೆ. ‘ಎತ್ತಿ’ ಅಂದರೆ ಎಷ್ಟು? ಎಸ್‌ಯುವಿಯ ಸಸ್ಪೆನ್ಷನ್ (ಚಕ್ರಕ್ಕೂ ಬಾಡಿಗೂ ನಡುವಿನ ಸ್ಪ್ರಿಂಗ್ ಜೋಡಣೆ) ಉದ್ದಕ್ಕೆ ಚಾಚುತ್ತದೆ. ಚಾಸಿಗೆ ಜಾಕ್ ಕೊಟ್ಟರೆ ಬಾಡಿ ಬಹಳಷ್ಟು ಮೇಲೆದ್ದಿರುತ್ತದೆ, ಟೈರು ಇನ್ನೂ ನೆಲದಲ್ಲೇ ಇರುತ್ತದೆ. ಹಾಗಾಗಿ ‘ಎತ್ತು’ ಬಿಟ್ಟು ‘ಟೈರು ನೆಲ ಬಿಡುವವರೆಗೆ’ ಎಂದು ಬರೆದೆ. ಇನ್ನೊಂದು ‘ಇಳಿಸು’. ಜಾಕಿನಿಂದ ಸ್ಟಾಂಡಿಗೆ ಬರುವುದೂ ಇಳಿಸುವುದೇ, ಸ್ಟಾಂಡ್ ತೆಗೆದು ನೆಲಕ್ಕೆ ಬರುವುದೂ ಇಳಿಸುವುದೇ. ಮೊದಲನೆಯದಕ್ಕೆ ‘ಕೂರಿಸು’ ಅಂತಲೇ ಇಟ್ಟುಕೊಂಡೆ. ಕೂರಿಸಿದ ಮೇಲೆ, ಒಳಗೆ ಹೋಗುವ ಮೊದಲು, ಗಾಡಿಯನ್ನು ಹೊರಗಿನಿಂದ ಒಮ್ಮೆ ಗಟ್ಟಿಯಾಗಿ ಅಲ್ಲಾಡಿಸಿ ನೋಡಬೇಕು. ಅದಕ್ಕೆ ‘ಅಲುಗಿಸಿ ನೋಡು’ ಸಾಕು ಅನಿಸುತ್ತದೆ.

ಜಾಕಿಂಗ್ ಪಾಯಿಂಟಿಗೆ ‘ಜಾಕ್ ಕೊಡುವ ಜಾಗ’. ಇದರಲ್ಲಿ ಚರ್ಚೆ ಬೇಕಿಲ್ಲ.

ಚಕ್ರ ಉರುಳದಂತೆ ಇಡುವ ಮುಕ್ಕೋನದ ತುಂಡಿನ ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ. ‘ಟೈರಿಗೆ ಕಲ್ಲು ಕೊಡು’ ಅನ್ನುವುದು ಎಲ್ಲರ ಬಾಯಲ್ಲಿದೆ. ಅದನ್ನೇ ಬರೆದರೆ ಕಲ್ಲನ್ನೇ ಇಡುತ್ತಾರೆ. ದುಂಡಗಿನ ಕಲ್ಲು ಚಕ್ರದ ಜೊತೆ ತಾನೂ ಉರುಳುತ್ತದೆ. ಸುಮ್ನೆ ‘ಹ್ಯಾಂಡ್ ಬ್ರೇಕ್ ಇದೆಯಲ್ಲ’ ಅಂತ ಬಿಡುವಂತೆಯೂ ಇಲ್ಲ. ಸಾಮಾನ್ಯವಾಗಿ ಅದು ಹಿಡಿಯುವುದು ಹಿಂದಿನ ಚಕ್ರಗಳನ್ನು. ಹಿಂಭಾಗ ಎತ್ತಿದರೆ ನೆಲದಲ್ಲಿ ಉಳಿಯುವುದು ಮುಂದಿನ ಚಕ್ರಗಳು, ಅವಕ್ಕೆ ಆ ಹಿಡಿತವೇ ಇಲ್ಲ. ‘ಬೆಣೆ’ ಆಕಾರಕ್ಕೆ ಸರಿ. ಆದರೆ ಬೆಣೆಯನ್ನು ಸಂದಿಗೆ ಹೊಡೆದು ಸೇರಿಸುತ್ತೇವೆ, ಇದನ್ನು ಚಕ್ರಕ್ಕೆ ಒತ್ತಿ ಇಡುತ್ತೇವೆ ಅಷ್ಟೇ. ‘ಅಡೆ’ ಅಂದರೆ ಕೆಲಸ ತಿಳಿಯುತ್ತದೆ, ಆಕಾರ ತಿಳಿಯುವುದಿಲ್ಲ. ‘ಅಡೆಬೆಣೆ’ ಅಂದರೆ ಬಲವಂತದ ಜೋಡಣೆ ಆಯಿತೇ?

ನಿಮ್ಮ ಕಡೆ ಲಾರಿ, ಟ್ರ್ಯಾಕ್ಟರ್ ರಿಪೇರಿ ಮಾಡುವವರು ಆ ಸ್ಟಾಂಡಿಗೂ ಈ ಮುಕ್ಕೋನದ ತುಂಡಿಗೂ ಏನನ್ನುತ್ತಾರೆ ಎಂದು ದಯವಿಟ್ಟು ಕೇಳಿ ಬರೆಯಿರಿ. ಪದದ ಜೊತೆಗೆ ಅವರು ಬಳಸುವ ಕ್ರಿಯಾಪದವನ್ನೂ ಬರೆಯಿರಿ. ಕೊಡುತ್ತಾರೋ, ಇಡುತ್ತಾರೋ, ಹಾಕುತ್ತಾರೋ, ಊರುತ್ತಾರೋ ಅನ್ನುವುದು ನನಗೆ ಪದದಷ್ಟೇ ಮುಖ್ಯ.