ಭಾವನವರ ಶ್ವಾಸಕೋಶದ ಆಪರೇಷನ್ ಬಗ್ಗೆ ಅಕ್ಕನಿಗೆ

ಅಕ್ಕಾ, ಮೆಸೇಜ್ ನೋಡ್ದೆ. ಮುಂದಿನ ತಿಂಗಳು ಬೆಂಗಳೂರಲ್ಲಿ ಭಾವನವರಿಗೆ ಬಲ ಶ್ವಾಸಕೋಶದ ಮೇಲಿನ ಹಾಲೆ (ಲೋಬ್, ಅಂದ್ರೆ ಶ್ವಾಸಕೋಶದ ಒಂದು ಭಾಗ) ತೆಗೀತಾರೆ, ಅಲ್ಲೀತನಕ ಮಲಗಿಸಿಟ್ಟಿರ್ಬೇಕಾ ಅಂತ ಕೇಳಿದ್ದೀರಲ್ಲ. ಮಲಗಿಸ್ಬೇಡಿ. ಬಲಗಡೆ ಮೂರು ಹಾಲೆ ಇರುತ್ವೆ, ಒಂದು ಹೋದ್ಮೇಲೆ ಉಳಿದೆರಡು ಹಿಗ್ಗಿ ಆ ಜಾಗ ತುಂಬ್ಬೇಕು. ಅದಕ್ಕೆ ಈಗ್ಲಿಂದ್ಲೇ ಪಳಗಿಸ್ಬೇಕು.

ಬೀಡಿ ಇವತ್ತೇ ಬಿಡ್ಲಿ. 4 ವಾರನಾದ್ರೂ ಬಿಟ್ಟಿದ್ರೆ ಕಫ ಕಮ್ಮಿಯಾಗುತ್ತೆ, ಗಾಯಾನೂ ಬೇಗ ಕೂಡುತ್ತೆ. ದಿನಾ ಅರ್ಧ ಗಂಟೆ ನಡೀಲಿ, ಮಾತಾಡ್ತಾ ನಡೆಯೋಕಾಗೋಷ್ಟು ಬಿರುಸು ಸಾಕು. ಮುದ್ದೆ ಜೊತೆ ಹುರುಳಿಕಾಳೋ ಮೊಟ್ಟೆನೋ ಇರ್ಲಿ. ರಕ್ತ ತೆಳು ಮಾಡೋ ಮಾತ್ರೆ ಇದ್ರೆ ನೀವಾಗೇ ನಿಲ್ಲಿಸ್ಬೇಡಿ, ಯಾವತ್ತು ನಿಲ್ಲಿಸ್ಬೇಕು ಅಂತ ಡಾಕ್ಟ್ರನ್ನ ಕೇಳಿ ಬರೆದಿಟ್ಕೊಳ್ಳಿ.

ಮೂರು ಚೆಂಡಿನ ಸ್ಪೈರೋಮೀಟರ್, ಅಂದ್ರೆ ಉಸಿರಿನ ವ್ಯಾಯಾಮದ ಸಾಧನ, ಮೆಡಿಕಲ್ ಸ್ಟೋರಲ್ಲಿ ಸಿಗುತ್ತೆ, ಈಗ್ಲೇ ತಗೊಳ್ಳಿ. ಅದನ್ನ ಊದೋದಲ್ಲ ಅಕ್ಕಾ, ಎಳ್ಕೊಳ್ಳೋದು! ಬಹಳ ಜನ ತಪ್ಪೋದು ಇಲ್ಲೇ. ನೆಟ್ಟಗೆ ಕೂತು, ಉಸಿರೆಲ್ಲ ಬಿಟ್ಟು, ಪೈಪು ತುಟಿಯಲ್ಲಿ ಬಿಗಿ ಹಿಡಿದು, ನಿಧಾನಕ್ಕೆ ಎಳೀಬೇಕು. ಮೂರೂ ಚೆಂಡು ಚಟ್ ಅಂತ ಹಾರಿಸಿದ್ರೆ ಪ್ರಯೋಜನ ಇಲ್ಲ. ಒಂದೇ ಚೆಂಡಾದ್ರೂ ಪರವಾಗಿಲ್ಲ, 3 ಸೆಕೆಂಡು ಮೇಲೇ ನಿಲ್ಬೇಕು. ಆಪರೇಷನ್ ಆದ್ಮೇಲೆ ಎಚ್ಚರ ಇರೋವಾಗ ಗಂಟೆಗೆ 10 ಸಲ. ತಲೆ ತಿರುಗಿದ್ರೆ ಸ್ವಲ್ಪ ಬಿಟ್ಟು ಮಾಡ್ಲಿ.

ಆಪರೇಷನ್ ಆದ್ಮೇಲೆ ಎದೆ ಪಕ್ಕ ಪೈಪ್ ಹಾಕಿ ನೀರಿನ ಬಾಟ್ಲಿಗೆ ಬಿಟ್ಟಿರ್ತಾರೆ. ಬಾಟ್ಲಿ ಯಾವಾಗ್ಲೂ ಎದೆಗಿಂತ ಕೆಳಗೇ ಇರ್ಬೇಕು, ಬಾತ್‌ರೂಮಿಗೆ ಹೋಗೋವಾಗ್ಲೂ. ಮೇಲೆತ್ತಿದ್ರೆ ನೀರು ವಾಪಸ್ ಎದೆಯೊಳಗೆ ಹೋಗುತ್ತೆ. ಉಸಿರಿನ ಜೊತೆ ನೀರು ಏರಿಳಿದ್ರೆ ಪೈಪ್ ತೆರೆದಿದೆ ಅಂತ. ಕೆಮ್ಮಿದಾಗ ಗುಳ್ಳೆ ಬಂದ್ರೆ ಶ್ವಾಸಕೋಶದಿಂದ ಗಾಳಿ ಸೋರ್ತಿದೆ, ಮೊದಲ ದಿನಗಳಲ್ಲಿ ಅದು ಇರೋದೇ. ಏರಿಳಿತ ತಟ್ಟನೆ ನಿಂತು ಮೇಲುಸಿರು ಬಂದ್ರೆ ಪೈಪ್ ಮೈಕೆಳಗೆ ಮಡಿಚಿದೆಯಾ ನೋಡಿ, ಸಿಸ್ಟರನ್ನ ಕೂಗಿ. ನೀವಾಗೇ ಪೈಪಿಗೆ ಕ್ಲಾಂಪ್ (ಪೈಪ್ ಮುಚ್ಚೋ ಕ್ಲಿಪ್) ಮಾತ್ರ ಹಾಕ್ಬೇಡಿ, ಸೋರೋ ಗಾಳಿ ಒಳಗೇ ತುಂಬಿ ಶ್ವಾಸಕೋಶ ಅದುಮಿಬಿಡುತ್ತೆ.

ನನಗೆ ಜಾಸ್ತಿ ಯೋಚನೆ ಇರೋದು ಭಾವನವರು ನೋವು ಹೇಳ್ಕೊಳ್ಳೋರಲ್ಲ ಅನ್ನೋದು. ನೋವಿಗೆ ಹೆದರಿ ಮೇಲ್ಮೇಲೆ ಉಸಿರಾಡಿ ಕೆಮ್ಮು ತಡೆದ್ರೆ ಕಫ ಕೆಳಗೆ ಕಟ್ಕೊಂಡು, ಆ ಭಾಗ ಮುದುಡಿ, ನ್ಯುಮೋನಿಯಾ ಆಗುತ್ತೆ. ಹಾಗಾಗಿ ನೋವಿನ ಮಾತ್ರೆ ಹೇಳಿದ ಹೊತ್ತಿಗೆ ಕೊಟ್ಟೇಬಿಡಿ, ಅರ್ಧ ಮುಕ್ಕಾಲು ಗಂಟೆ ಬಿಟ್ಟು ಚೆಂಡು ಎಳೆಸಿ. ಆಮೇಲೆ ಗಾಯದ ಮೇಲೆ ದಿಂಬು ಅವಚಿಕೊಂಡು ಕೆಮ್ಲಿ, ಹೊಲಿಗೆ ಬಿಚ್ಚಲ್ಲ. ಕೆಲವು ನೋವಿನ ಮಾತ್ರೆಗೆ ಮಲಬದ್ಧತೆ ಆಗುತ್ತೆ, ಅದಕ್ಕೂ ಔಷಧಿ ಬರೆಸ್ಕೊಳ್ಳಿ.

ಮನೆಗೆ ಬಂದ್ಮೇಲೆ ಆ ಕಡೆ ಕೈ ಬೆರಳಿಂದ ಗೋಡೆ ಹತ್ತಿಸ್ತಾ ಇರ್ಲಿ, ಇಲ್ಲಾಂದ್ರೆ ಭುಜ ಹಿಡ್ಕೊಳ್ಳುತ್ತೆ. ಎದೆ ತೆರೆದು ಮಾಡಿದ್ರೆ 6ರಿಂದ 8 ವಾರ ಭಾರ ಎತ್ತಬಾರ್ದು. 15 ಕೆಜಿ ಟೊಮೇಟೊ ಬಾಕ್ಸ್ ಮುಟ್ಟೋದೇ ಬೇಡ, ಸ್ಕೂಟರೂ ಬೇಡ. ಬಚ್ಚಲೊಲೆ ಹೊಗೆ, ರಾಗಿ ಕಣದ ಧೂಳಿಂದ ದೂರ ಇಡಿ. ಗಾಯದ ಸುತ್ತ ಜೋಮು ತಿಂಗಳುಗಟ್ಟಲೆ ಇರ್ಬಹುದು, ಗಾಬರಿಯಾಗ್ಬೇಡಿ.

ಜ್ವರ 100.4 ದಾಟಿದ್ರೆ, ಗಾಯದಲ್ಲಿ ಕೀವು ಬಂದ್ರೆ ಅವತ್ತೇ ತೋರಿಸಿ. ತಟ್ಟನೆ ಮೇಲುಸಿರು, ಕಫದಲ್ಲಿ ರಕ್ತ, ಎದೆ ಡವಡವ ನಿಲ್ಲದೇ ಇರೋದು, ಒಂದೇ ಮೀನಖಂಡ ಊದಿ ನೋವು ಬರೋದು, ಇವಕ್ಕೆ ಬೆಂಗಳೂರಿಗೇ ಹೋಗೋಣ ಅಂತ ಕಾಯ್ಬೇಡಿ, 108ಕ್ಕೆ ಫೋನ್ ಮಾಡಿ ಕೋಲಾರದಲ್ಲೇ ಎಮರ್ಜೆನ್ಸಿಗೆ ಹೋಗಿ, ಡಿಸ್ಚಾರ್ಜ್ ಚೀಟಿ ಕೈಯಲ್ಲಿರ್ಲಿ. ನಾಳೆ ಭಾವನವರು ಚೆಂಡು ಎಳೆಯೋದು ವಿಡಿಯೋ ಮಾಡಿ ಹಾಕಿ ಅಕ್ಕಾ, ನೋಡಿ ಹೇಳ್ತೀನಿ.