ರೆಡ್ ವೈನ್ ಸಾಸ್‌ಗೆ ಆಲ್‌ಸ್ಪೈಸ್: ಕಹಿ ಯಾಕೆ?

ಪ್ರಶ್ನೆ (ಮಂಡ್ಯ): ಬನ್ನೂರು ಕುರಿ ಚಾಪ್ಸ್ ಹುರಿದ ಕಬ್ಬಿಣದ ಬಾಣಲೆಗೇ ಜಮೈಕಾದ ಆಲ್‌ಸ್ಪೈಸ್ (ಮಸಾಲೆ ಮಿಶ್ರಣವಲ್ಲ, ಕಾಳುಮೆಣಸಿನಂಥ ಒಂದು ಒಣಕಾಯಿ) ಪುಡಿ ಅರ್ಧ ಚಮಚ ಹಾಕಿ ವೈನ್ ಸುರಿದರೆ ಸಾಸ್ ಕಹಿ, ನೀರುನೀರು. ಎಲ್ಲಿ ತಪ್ಪುತ್ತಿದೆ?

ಉತ್ತರ (ಮೈಸೂರು): ಪುಡಿ ಬೇಡ, ಬಿಸಿ ಜಿಡ್ಡಲ್ಲಿ ಸೀದುಹೋಗುತ್ತೆ. ಇಬ್ಬರಿಗೆ 4 ಕಾಳು ಸಾಕು, ಜಜ್ಜಿ ವೈನ್ ಜೊತೆಗೇ ಹಾಕಿ. ತಳ ಹತ್ತಿದ್ದು ಕಂದಗಿದ್ದರೆ ಅದೇ ರುಚಿ. ಕಪ್ಪಾಗಿದ್ದರೆ ಮುಲಾಜಿಲ್ಲದೆ ತೊಳೆದುಬಿಡಿ. ಒಂದು ಚಮಚ ಜಿಡ್ಡು ಉಳಿಸಿ, 2 ಸಾಂಬಾರ್ ಈರುಳ್ಳಿ ಬಾಡಿಸಿ, 150 ಮಿ.ಲೀ. ಡ್ರೈ (ಸಿಹಿಯಿಲ್ಲದ) ವೈನ್ ಸುರಿದು ತಳ ಕೆರೆಯಿರಿ. ಅದು 50ಕ್ಕೆ ಇಳಿದ ಮೇಲೆ ಉಪ್ಪಿಲ್ಲದ ಮೂಳೆ ರಸ 200 ಮಿ.ಲೀ. ಹಾಕಿ, ಚಮಚದ ಬೆನ್ನಿಗೆ ಅಂಟುವಷ್ಟು ಬತ್ತಿಸಿ ಸೋಸಿ. ಉಪ್ಪು ಕೊನೆಗೆ.

ಇನ್ನೊಂದು ಉತ್ತರ: ಕಬ್ಬಿಣದಲ್ಲಿ ವೈನಿನ ಹುಳಿ ಕುದಿದರೆ ಲೋಹದ ರುಚಿ ಬರುತ್ತೆ; ಸ್ಟೀಲ್ ಬಾಣಲೆ ತಗೊಳ್ಳಿ. ಹುಳಿ ಜಾಸ್ತಿ ಅನ್ನಿಸಿದರೆ ಚಿಟಿಕೆ ಮಂಡ್ಯ ಬೆಲ್ಲ.

ಮತ್ತೊಂದು: ತಣ್ಣನೆ ಬೆಣ್ಣೆ 20 ಗ್ರಾಂ, ಒಲೆ ಆರಿಸಿದ ಮೇಲೇ. ಕುದಿಯುವಾಗ ಹಾಕಿದರೆ ಒಡೆದು ಜಿಡ್ಡು ತೇಲುತ್ತೆ.